ಒಂದೇ ಊರು, ಎರಡು ಬಾಗಿಲು



ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಎಂದೊಡನೆ ನೆನಪಾಗುವುದು ಮೋಟಾರು ಕಾರು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಕಂಪೆನಿಗಳು ಬೆಳೆದದ್ದು ಅಲ್ಲಿಯೇ. ಇವತ್ತಿನ ಮಾತು ಕಾರಿನದಲ್ಲ. ಆ ಊರಿಗೆ ಹೊಟ್ಟೆಪಾಡಿಗಾಗಿ ಬಂದ ಎರಡು ಸಮುದಾಯಗಳದು. ಒಂದು ಸಮುದಾಯ ಇರಾಕಿನಿಂದ ಬಂದದ್ದು. ಇನ್ನೊಂದು ಮೆಕ್ಸಿಕೊದಿಂದ ಬಂದ, ಸ್ಪ್ಯಾನಿಷ್ ಮಾತನಾಡುವ, ಅಮೆರಿಕದ ಸರ್ಕಾರ ‘ಹಿಸ್ಪಾನಿಕ್’ ಎಂದು ಕರೆಯುವ ಜನರದು.

ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, 1910ರ ದಶಕದಲ್ಲಿ, ಅಲ್ಲಿಗೆ ಬರತೊಡಗಿದರು. ಇಬ್ಬರಲ್ಲೂ ಹೆಚ್ಚಿನವರು ಕ್ಯಾಥೊಲಿಕ್ ಕ್ರೈಸ್ತರು, ಹಳ್ಳಿಯ ಒಕ್ಕಲು ಮಕ್ಕಳು, ಇಂಗ್ಲಿಷ್ ಅರಿಯದವರು. ಇಬ್ಬರಿಗೂ ಅಣ್ಣತಮ್ಮಂದಿರು, ಭಾವಮೈದುನರು ಎಂಬ ದೊಡ್ಡ ಬಳಗವೇ ಬಂಡವಾಳ. ನೂರು ವರ್ಷದ ಬಳಿಕ ನೋಡಿದರೆ, ಹಳೆಯ ಇರಾಕಿ ಕುಟುಂಬಗಳ ಮಕ್ಕಳು ಅಂಗಡಿ, ಪೆಟ್ರೋಲ್ ಬಂಕ್, ಹೋಟೆಲುಗಳ ಒಡೆಯರಾಗಿ, ವಕೀಲರೂ ವೈದ್ಯರೂ ಆಗಿ ವೆಸ್ಟ್ ಬ್ಲೂಮ್‌ಫೀಲ್ಡ್‌ನಂಥ ಅನುಕೂಲಸ್ಥರ ಬಡಾವಣೆಗಳಲ್ಲಿದ್ದಾರೆ. ಮೆಕ್ಸಿಕನ್ನರಲ್ಲಿ ಬಹಳ ಮಂದಿ ನಗರದ ನೈಋತ್ಯ ಮೂಲೆಯ ಹಳೆಯ ಮರದ ಮನೆಗಳಲ್ಲಿ, ದಿನಗೂಲಿಯ ಲೆಕ್ಕದಲ್ಲೇ ಉಳಿದಿದ್ದಾರೆ.

ಯಾಕೆ ಹೀಗಾಯಿತು? ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಮುಂದಿಟ್ಟು, ಒಬ್ಬರು ದುಡಿದರು, ಇನ್ನೊಬ್ಬರು ದುಡಿಯಲಿಲ್ಲ ಎಂದು ಮುಗಿಸಿಬಿಡುವುದು ಸುಲಭ. ಅಮೆರಿಕದಲ್ಲಿ ಹಾಗೆ ಹೇಳುವವರು ಕಡಿಮೆಯೇನಿಲ್ಲ. ಆದರೆ ಡೆಟ್ರಾಯಿಟ್‌ನ ನೂರು ವರ್ಷದ ಕತೆ ಬೇರೆಯೇ ಉತ್ತರ ಕೊಡುತ್ತದೆ.

ಹೆಸರಿನ ಗೊಂದಲ

ಹೋಲಿಕೆಗೆ ಮುಂಚೆ ಹೆಸರುಗಳನ್ನು ಬಿಡಿಸಿಕೊಳ್ಳಬೇಕು. ‘ಹಿಸ್ಪಾನಿಕ್’ ಎಂಬುದು ಒಂದು ಜನಾಂಗದ ಹೆಸರಲ್ಲ, ಸರ್ಕಾರಿ ಕಡತದ ಹೆಸರು. ಸ್ಪ್ಯಾನಿಷ್ ಮೂಲದ ಎಲ್ಲರನ್ನೂ ಒಂದೇ ಲೆಕ್ಕಕ್ಕೆ ಸೇರಿಸುವ ಕಾನೂನು 1976ರಲ್ಲಿ ಬಂತು. 1980ರ ಜನಗಣತಿಯಲ್ಲಿ ಎಲ್ಲ ಮನೆಗಳಿಗೂ ಆ ಪ್ರಶ್ನೆ ಹೋಯಿತು. ಮೆಕ್ಸಿಕೊದ ರೈತ, ಕ್ಯೂಬಾದ ವೈದ್ಯ, ಪೋರ್ಟೊರಿಕೊದ ಕಾರ್ಮಿಕ ಎಲ್ಲರೂ ಆ ಒಂದೇ ಚೀಲದಲ್ಲಿದ್ದಾರೆ. 2020ರ ಜನಗಣತಿಯಂತೆ ಅವರು ಸುಮಾರು 6.2 ಕೋಟಿ, ಅಂದರೆ ಐವರು ಅಮೆರಿಕನ್ನರಲ್ಲಿ ಹತ್ತಿರ ಹತ್ತಿರ ಒಬ್ಬರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೆಕ್ಸಿಕೊ ಮೂಲದವರು.

ಇರಾಕಿಗಳದು ಇದಕ್ಕೆ ವಿರುದ್ಧವಾದ ತೊಂದರೆ. ಅವರಿಗೆ ಚೀಲವೇ ಇರಲಿಲ್ಲ. ಪಶ್ಚಿಮ ಏಷ್ಯಾದಿಂದ ಬಂದವರನ್ನು ಅಮೆರಿಕದ ಗಣತಿ ಬಹುಕಾಲ ‘ಬಿಳಿಯರು’ ಎಂದೇ ಬರೆದುಕೊಂಡಿತು. ಹೀಗಾಗಿ ಅವರಲ್ಲಿ ಬಡವರೆಷ್ಟು, ಶಾಲೆ ಬಿಟ್ಟವರೆಷ್ಟು ಎಂಬುದು ಬಿಳಿಯರ ದೊಡ್ಡ ಮೊತ್ತದಲ್ಲಿ ಕರಗಿಹೋಗುತ್ತಿತ್ತು. ಪ್ರತ್ಯೇಕ ವರ್ಗ ಬೇಕೆಂಬ ಬೇಡಿಕೆಗೆ ಸರ್ಕಾರ ಒಪ್ಪಿದ್ದು 2024ರ ಮಾರ್ಚಿನಲ್ಲಿ.

ಇರಾಕಿಗಳೆಂದರೂ ಒಂದೇ ಬಗೆಯವರಲ್ಲ. ಡೆಟ್ರಾಯಿಟ್‌ಗೆ ಮೊದಲು ಬಂದವರು ಕಾಲ್ಡಿಯನ್ನರು. ಉತ್ತರ ಇರಾಕಿನ ನಿನೆವೆ ಬಯಲಿನ ಟೆಲ್‌ಕೈಫ್, ಅಲ್‌ಕೋಷ್‌ನಂಥ ಊರುಗಳ ಕ್ರೈಸ್ತರು ಇವರು. ಇವರ ಮನೆಮಾತು ಅರಬ್ಬಿಯಲ್ಲ, ಅರಮಾಯಿಕ್. ಯೇಸು ಆಡುತ್ತಿದ್ದನೆನ್ನುವ ಭಾಷೆಯ ಇಂದಿನ ರೂಪ. ಅನೇಕರು ತಮ್ಮನ್ನು ಅರಬ್ಬರೆಂದು ಕರೆದುಕೊಳ್ಳುವುದೂ ಇಲ್ಲ. ಡೆಟ್ರಾಯಿಟ್ ಸುತ್ತಮುತ್ತ ಇವರ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಹೆಚ್ಚೆಂದು ಸಮುದಾಯದ ಸಂಸ್ಥೆಗಳು ಅಂದಾಜು ಮಾಡುತ್ತವೆ. ಶಿಯಾ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಬಹಳ ತಡವಾಗಿ.

ಐದು ಡಾಲರ್ ಕೂಲಿ

1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದ. ಆಗಿನ ಕೂಲಿಯ ಸುಮಾರು ಎರಡರಷ್ಟು ಅದು. ಸುದ್ದಿ ಸಮುದ್ರ ದಾಟಿತು. ಟೆಲ್‌ಕೈಫ್‌ನ ಕೆಲವು ಯುವಕರು ಹಡಗು ಹತ್ತಿದರು. ಬಂದವರಲ್ಲಿ ಹಲವರು ಕಾರ್ಖಾನೆಯ ಬದಲು ಸಣ್ಣ ದಿನಸಿ ಅಂಗಡಿ ಹಿಡಿದರು. ಒಬ್ಬನ ಅಂಗಡಿಯಲ್ಲಿ ಬಳಗದ ಇನ್ನೊಬ್ಬ ದುಡಿದು, ಭಾಷೆ ಕಲಿತು, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಪಕ್ಕದ ಬೀದಿಯಲ್ಲಿ ತನ್ನದೇ ಅಂಗಡಿ ತೆರೆಯುವ ಪದ್ಧತಿ ಆಗಲೇ ಶುರುವಾಯಿತು.

ಮೆಕ್ಸಿಕನ್ನರನ್ನು ಕರೆತಂದದ್ದು ಕಾರ್ಖಾನೆ ಮಾತ್ರವಲ್ಲ, ಬೀಟ್ ಗಡ್ಡೆ ಕೂಡ. ಮಿಷಿಗನ್‌ನ ಸಕ್ಕರೆ ಕಂಪೆನಿಗಳು ಸಕ್ಕರೆ ಬೀಟ್‌ನ ಹೊಲಗಳಿಗೆ ಟೆಕ್ಸಾಸ್ ಮತ್ತು ಮೆಕ್ಸಿಕೊದಿಂದ ಕುಟುಂಬಗಳನ್ನೇ ರೈಲಿನಲ್ಲಿ ತಂದವು. ಗಿಡ ವಿರಳ ಮಾಡುವುದು, ಕಳೆ ಕೀಳುವುದು, ಗಡ್ಡೆ ಅಗೆಯುವುದು ಎಲ್ಲವೂ ಬಗ್ಗಿ ಮಾಡುವ ಕೆಲಸ. ಹೆಂಗಸರು, ಮಕ್ಕಳು ಸಹ ಸಾಲಿನಲ್ಲಿರುತ್ತಿದ್ದರು. ಕೈ ಕೆಸರಾಗುವ ಮಾತು ಬಂದರೆ, ಇದಕ್ಕಿಂತ ಕೆಸರಿನ ಕೆಲಸ ಇರಲಿಕ್ಕಿಲ್ಲ. ಹಂಗಾಮು ಮುಗಿದ ಮೇಲೆ ಹಲವರು ಡೆಟ್ರಾಯಿಟ್‌ನ ಫೌಂಡ್ರಿ, ರೈಲ್ವೆ, ಕಾರು ಕಾರ್ಖಾನೆಗಳಿಗೆ ಸೇರಿದರು. 1923ರಲ್ಲಿ ಗ್ವಾಡಲೂಪೆ ಮಾತೆಯ ಹೆಸರಿನಲ್ಲಿ ಅವರದೇ ಚರ್ಚು ಎದ್ದಿತು.

1924ರಲ್ಲಿ ಅಮೆರಿಕ ವಲಸೆಗೆ ದೇಶವಾರು ಕೋಟಾ ಹಾಕಿತು. ಇರಾಕಿನ ಪಾಲಿಗೆ ಬಂದದ್ದು ವರ್ಷಕ್ಕೆ ಕೇವಲ 100. ಕಾಲ್ಡಿಯನ್ನರ ಬಾಗಿಲು ಮುಚ್ಚಿದ ಹಾಗೆಯೇ ಆಯಿತು. ಮೆಕ್ಸಿಕೊಗೆ ಕೋಟಾ ಇರಲಿಲ್ಲ. ಹೊಲದ ಒಡೆಯರಿಗೆ ಕೂಲಿಗಳು ಬೇಕಿದ್ದುದರಿಂದ ಆ ಬಾಗಿಲನ್ನು ತೆರೆದೇ ಇಟ್ಟರು. ಮೇಲ್ನೋಟಕ್ಕೆ ಅದೃಷ್ಟ ಮೆಕ್ಸಿಕನ್ನರದು. ಆದರೆ ತೆರೆದ ಬಾಗಿಲಿನಿಂದ ಒಳಗೆ ಕರೆಯುವುದೂ ಸುಲಭ, ಹೊರಗೆ ತಳ್ಳುವುದೂ ಸುಲಭ ಎಂಬುದು ಬೇಗನೆ ಗೊತ್ತಾಯಿತು.

1929ರ ಆರ್ಥಿಕ ಕುಸಿತದ ನಂತರ ಕೆಲಸ ಕಡಿಮೆಯಾದಾಗ ದೇಶದುದ್ದಕ್ಕೂ ಲಕ್ಷಾಂತರ ಮೆಕ್ಸಿಕನ್ನರನ್ನು ವಾಪಸು ಕಳಿಸಲಾಯಿತು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ಪೌರರೇ ಆಗಿದ್ದ ಮಕ್ಕಳು ಬಹಳ. ಡೆಟ್ರಾಯಿಟ್‌ನಿಂದಲೂ 1932ರಲ್ಲಿ ರೈಲುಗಳು ಹೊರಟವು. ಅದೇ ಹೊತ್ತಿಗೆ ಮೆಕ್ಸಿಕೊದ ಹೆಸರಾಂತ ಚಿತ್ರಕಾರ ಡಿಯೆಗೊ ರಿವೇರಾ ಆ ಊರಿನ ಕಲಾಸಂಗ್ರಹಾಲಯದ ಗೋಡೆಗಳ ಮೇಲೆ ಕಾರು ಕಾರ್ಖಾನೆಯ ದುಡಿಮೆಯನ್ನು ಬರೆಯುತ್ತಿದ್ದ. ಊರಿಗೆ ಮರಳಿ ಸಹಕಾರಿ ಬೇಸಾಯ ಮಾಡಿರೆಂದು ಆತನೂ ತನ್ನವರನ್ನು ಹುರಿದುಂಬಿಸಿದ. ಚಿತ್ರಗಳು ಈಗಲೂ ಗೋಡೆಯ ಮೇಲಿವೆ. ಹದಿನೈದು ಇಪ್ಪತ್ತು ವರ್ಷ ದುಡಿದು ಮಾಡಿಕೊಂಡ ಮನೆ, ಗೆಳೆತನ, ಗಿರಾಕಿ ಎಲ್ಲವನ್ನೂ ಹೋದವರು ಬಿಟ್ಟುಹೋದರು. ಆಸ್ತಿ ಕೂಡುವುದು ತಲೆಮಾರಿನಿಂದ ತಲೆಮಾರಿಗೆ. ನಡುವೆ ಒಂದು ತಲೆಮಾರನ್ನೇ ಕಿತ್ತುಹಾಕಿದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಒಂದೇ ಕಾನೂನು, ಎರಡು ಫಲ

ಈ ಕತೆಯ ತಿರುಳಿರುವುದು 1965ರಲ್ಲಿ. ಆ ವರ್ಷದ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಹಳೆಯ ಕೋಟಾ ರದ್ದಾಯಿತು. ಕುಟುಂಬದವರನ್ನು ಕರೆಸಿಕೊಳ್ಳುವವರಿಗೂ ಕಸುಬಿನಲ್ಲಿ ನುರಿತವರಿಗೂ ಆದ್ಯತೆ ಸಿಕ್ಕಿತು. ನಮ್ಮ ಕನ್ನಡದ ವೈದ್ಯರು, ಎಂಜಿನಿಯರುಗಳು ಅಮೆರಿಕ ಸೇರಿದ್ದೂ ಇದೇ ಬಾಗಿಲಿನಿಂದ. ಡೆಟ್ರಾಯಿಟ್ ಭಾಗದಲ್ಲಿ ಪಂಪನ ಹೆಸರಿನ ಕನ್ನಡ ಕೂಟ ಇರುವುದಕ್ಕೂ ಆ ಸಹಿಗೂ ನಂಟಿದೆ.

ಅದೇ ಕಾನೂನಿನ ಇನ್ನೊಂದು ಮಗ್ಗುಲನ್ನು ನೆನೆಯುವವರು ಕಡಿಮೆ. ಅಮೆರಿಕ ಖಂಡಗಳ ದೇಶಗಳಿಗೆ ಅದು ಮೊದಲ ಬಾರಿಗೆ ಮಿತಿ ಹಾಕಿತು. 1968ರಿಂದ ಆ ದೇಶಗಳಿಗೆಲ್ಲ ಒಟ್ಟು ಸೇರಿ ವರ್ಷಕ್ಕೆ 1,20,000. 1976ರಲ್ಲಿ ಒಂದೊಂದು ದೇಶಕ್ಕೂ 20,000 ಎಂಬ ಮೇಲ್ಮಿತಿ ಬಂತು. ಇರಾಕಿನ ಮಟ್ಟಿಗೆ 100ರ ಮಿತಿ 20,000ಕ್ಕೆ ಏರಿತು. ಮೆಕ್ಸಿಕೊದ ಮಟ್ಟಿಗೆ ಮಿತಿಯೇ ಇಲ್ಲದಿದ್ದದ್ದು 20,000ಕ್ಕೆ ಇಳಿಯಿತು. ಪೌರರ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಈ ಲೆಕ್ಕದ ಹೊರಗೆ ಎಂಬ ವಿನಾಯಿತಿ ಇತ್ತು. ಆದರೂ ಪಕ್ಕದ ದೊಡ್ಡ ದೇಶಕ್ಕೂ ಹತ್ತು ಸಾವಿರ ಕಿಲೋಮೀಟರ್ ದೂರದ ದೇಶಕ್ಕೂ ಒಂದೇ ಅಳತೆ.

ಇದರ ಜತೆಗೆ 1942ರಿಂದ ನಡೆದುಬಂದಿದ್ದ ‘ಬ್ರಸೇರೊ’ ಎಂಬ ಕೂಲಿ ಒಪ್ಪಂದ 1964ರಲ್ಲಿ ಕೊನೆಗೊಂಡಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಅದರಡಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಮೆಕ್ಸಿಕನ್ನರು ಕಾನೂನುಬದ್ಧವಾಗಿ ಹೊಲಗಳಿಗೆ ಬಂದುಹೋಗುತ್ತಿದ್ದರು. ಒಪ್ಪಂದ ನಿಂತರೂ ಹೊಲ ನಿಲ್ಲಲಿಲ್ಲ, ಕೂಲಿ ಬೇಕೆನ್ನುವವರೂ ನಿಲ್ಲಲಿಲ್ಲ. ಅದೇ ಮನುಷ್ಯ, ಅದೇ ಹೊಲ, ಅದೇ ಕೆಲಸ; ನಿನ್ನೆ ‘ಕರೆಸಿಕೊಂಡ ಕೂಲಿ’ ಆಗಿದ್ದವನು ಇಂದು ‘ಅಕ್ರಮ ವಲಸಿಗ’ನಾದ.

ಅಂಗಡಿ ಕಟ್ಟಿದ ಬಗೆ

1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯಿತು. ಐದು ದಿನಗಳ ಗಲಭೆಯಲ್ಲಿ 43 ಮಂದಿ ಸತ್ತರು. ಬಿಳಿಯರು ಹೊರವಲಯಗಳಿಗೆ ಹೋಗುವುದು ಮೊದಲೇ ಶುರುವಾಗಿತ್ತು. ಗಲಭೆಯ ನಂತರ ಅದು ಪ್ರವಾಹವಾಯಿತು. ಹಳೆಯ ದಿನಸಿ ವ್ಯಾಪಾರಿಗಳು ಅಂಗಡಿ ಮಾರಿದರು, ದೊಡ್ಡ ಸೂಪರ್ ಮಾರ್ಕೆಟ್ಟುಗಳು ಬಾಗಿಲು ಹಾಕಿದವು. 1950ರಲ್ಲಿ 18 ಲಕ್ಷ ಮೀರಿದ್ದ ನಗರದ ಜನಸಂಖ್ಯೆ 2020ಕ್ಕೆ 6.4 ಲಕ್ಷಕ್ಕೆ ಇಳಿದಿತ್ತು.

ಅಗ್ಗಕ್ಕೆ ಬಿಕರಿಯಾದ ಆ ಅಂಗಡಿಗಳನ್ನು ಕೊಂಡವರು ಕಾಲ್ಡಿಯನ್ನರು. 1965ರ ಕಾನೂನಿನಿಂದ ಬಳಗ ಬಂದು ಸೇರಿಕೊಳ್ಳುತ್ತಿದ್ದ ಹೊತ್ತು ಅದು. ಹೊಸದಾಗಿ ಬಂದವನಿಗೆ ಚಿಕ್ಕಪ್ಪನ ಅಂಗಡಿಯಲ್ಲಿ ಕೆಲಸ, ಅಂಗಡಿಯ ಮೇಲೋ ಹಿಂದೋ ವಾಸ. ವಾರದ ಏಳು ದಿನವೂ ಬೆಳಗಿನಿಂದ ನಡುರಾತ್ರಿವರೆಗೆ ಗಲ್ಲಾ. ಕೆಲವು ವರ್ಷದ ನಂತರ ಅಂಗಡಿಯಲ್ಲೊಂದು ಪಾಲು, ಆಮೇಲೆ ಸ್ವಂತದ್ದು. ನೆಂಟರ ನಡುವೆ ಬಾಯಿಮಾತಿನ ಸಾಲ. ಸಗಟು ವ್ಯಾಪಾರಕ್ಕೂ ತಮ್ಮವರೇ ಇಳಿದದ್ದರಿಂದ ಸರಕಿಗೂ ಉದ್ದರಿ ಸಿಗುತ್ತಿತ್ತು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಗುಂಡು ತೂರದ ದಪ್ಪ ಗಾಜಿನ ಹಿಂದೆ ಕುಳಿತು ಹಾಲು, ಬ್ರೆಡ್ಡು, ಬಿಯರ್ ಮಾರುವ ಬದುಕು ಅದು. ದರೋಡೆಯಲ್ಲಿ ಪ್ರಾಣ ಬಿಟ್ಟ ಅಂಗಡಿಕಾರರು ಅನೇಕ ಮನೆಗಳಲ್ಲಿದ್ದಾರೆ. ಗಿರಾಕಿಗಳಲ್ಲಿ ಹೆಚ್ಚಿನವರು ಬಡ ಕಪ್ಪುಜನ. ‘ನಮ್ಮ ಬೀದಿಯ ದುಡ್ಡು ಸಂಜೆಯಾದರೆ ಹೊರಗೆ ಹೋಗುತ್ತದೆ, ಬೆಲೆಯೂ ಹೆಚ್ಚು’ ಎಂಬ ಸಿಟ್ಟು ಅವರದು. ‘ಯಾರೂ ಅಂಗಡಿ ಇಡಲು ಒಪ್ಪದ ಕಡೆ ನಾವು ಇಟ್ಟೆವು’ ಎಂಬ ಉತ್ತರ ಇವರದು. ಎರಡೂ ಮಾತಿನಲ್ಲಿ ಸತ್ಯವಿದೆ.

ಆದರೆ ಒಂದು ಅಂಶವನ್ನು ಮರೆಯಬಾರದು. ಅಂಗಡಿಯ ಕ್ರಯಪತ್ರ, ಬ್ಯಾಂಕಿನ ಸಾಲ, ಬಿಯರ್ ಮಾರುವ ಪರವಾನಗಿ, ಲಾಟರಿ ಯಂತ್ರ, ಇವೆಲ್ಲಕ್ಕೂ ಬೇಕಾದದ್ದು ಸರ್ಕಾರದ ಮುಂದೆ ಧೈರ್ಯವಾಗಿ ಬರೆಯಬಹುದಾದ ಹೆಸರು ಮತ್ತು ವಿಳಾಸ. ಶ್ರಮ, ಮಿತವ್ಯಯ, ಬಳಗದ ಒಗ್ಗಟ್ಟು ಇಬ್ಬರಲ್ಲೂ ಇತ್ತು. ಕಾಗದ ಇದ್ದದ್ದು ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ.

ಕಾರಿನ ಊರಿನಲ್ಲಿ ಲೈಸೆನ್ಸ್ ಇಲ್ಲದೆ

ನೈಋತ್ಯ ಡೆಟ್ರಾಯಿಟ್‌ನ ಬ್ಯಾಗ್ಲಿ ಬೀದಿ, ವರ್ನರ್ ಹೆದ್ದಾರಿಯ ಸುತ್ತ ಇರುವುದು ‘ಮೆಕ್ಸಿಕನ್‌ಟೌನ್’. ಬೇಕರಿ, ತಿಂಡಿ ಅಂಗಡಿ, ಗೋಡೆಚಿತ್ರ ತುಂಬಿದ ಈ ಕೇರಿಯ ನಡುವೆಯೇ ಹೆದ್ದಾರಿ ಹಾದುಹೋಯಿತು. ಪಕ್ಕದಲ್ಲೇ ಕೆನಡಾಕ್ಕೆ ದಾಟುವ, 1929ರಲ್ಲಿ ತೆರೆದ ಅಂಬಾಸಿಡರ್ ಸೇತುವೆ. ಅದರ ಲಾರಿಗಳ ಹೊಗೆ. ಈ ಜನರಲ್ಲಿ ಹಳಬರು ಕಾರು ಕಾರ್ಖಾನೆಯ ಕಾರ್ಮಿಕ ಸಂಘದಲ್ಲಿದ್ದು ಒಳ್ಳೆಯ ಸಂಬಳ ಪಡೆದು ಮನೆ ಕಟ್ಟಿಕೊಂಡಿದ್ದರು. ಕೇರಿಯೊಳಗೇ ಇದ್ದ ಕ್ಯಾಡಿಲಾಕ್ ಕಾರ್ಖಾನೆ 1987ರಲ್ಲಿ ಮುಚ್ಚಿತು. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊಗಳ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ಮೇಲೆ ಕಾರಿನ ಬಿಡಿಭಾಗಗಳು ಗಡಿ ದಾಟುವುದು ಸಲೀಸಾಯಿತು. ಅವನ್ನು ಜೋಡಿಸುವ ಮನುಷ್ಯರಿಗೆ ಆ ಸಲೀಸು ಸಿಗಲಿಲ್ಲ.

1986ರ ಕಾನೂನಿನಿಂದ ದೇಶದಾದ್ಯಂತ ಸುಮಾರು 27 ಲಕ್ಷ ಮಂದಿಗೆ ಕಾನೂನುಬದ್ಧ ವಾಸದ ಹಕ್ಕು ಸಿಕ್ಕಿತು. ಅವರಲ್ಲಿ ಬಹುಪಾಲು ಮೆಕ್ಸಿಕನ್ನರು. ಆದರೆ ಅನಂತರ ಬಂದವರಿಗೆ ಅಂಥ ಅವಕಾಶ ಮತ್ತೆ ಬರಲಿಲ್ಲ. ಅವರು ಮನೆಗಳಿಗೆ ಚಾವಣಿ ಹೊದಿಸುತ್ತಾರೆ, ಹುಲ್ಲುಹಾಸು ಕತ್ತರಿಸುತ್ತಾರೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ. ಹಲವರ ಸಂಬಳದಿಂದ ಪಿಂಚಣಿ ನಿಧಿಗೆ ಹಣ ಮುರಿದುಕೊಳ್ಳುತ್ತಾರೆ. ಪಿಂಚಣಿ ಮಾತ್ರ ಅವರಿಗಿಲ್ಲ. 2008ರಿಂದ ಮಿಷಿಗನ್ ರಾಜ್ಯ ಕಾಗದವಿಲ್ಲದವರಿಗೆ ವಾಹನ ಚಾಲನೆಯ ಲೈಸೆನ್ಸ್ ಕೊಡುವುದನ್ನೂ ನಿಲ್ಲಿಸಿತು. ಬಸ್ಸುಗಳು ಕಡಿಮೆ ಇರುವ, ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಊರು ಡೆಟ್ರಾಯಿಟ್. ಅಲ್ಲಿ ಕೆಟ್ಟುಹೋದ ಹಿಂದಿನ ದೀಪವೊಂದು ಸಾಕು: ಪೊಲೀಸರು ಕಾರು ನಿಲ್ಲಿಸುತ್ತಾರೆ, ಲೈಸೆನ್ಸ್ ಕೇಳುತ್ತಾರೆ, ಅಲ್ಲಿಂದ ಗಡೀಪಾರಿನವರೆಗೂ ದಾರಿ ಇಳಿಜಾರು.

ಇಷ್ಟಾದರೂ ನಗರದ ಉಳಿದ ಭಾಗ ಖಾಲಿಯಾಗುತ್ತಿದ್ದ 1990ರ ದಶಕದಲ್ಲಿ ಜನ ಹೆಚ್ಚಿದ್ದು, ಮುಚ್ಚಿದ ಅಂಗಡಿಗಳು ತೆರೆದದ್ದು ಈ ಕೇರಿಯಲ್ಲಿ. ದುಡಿಯದ ಜನರಿಂದ ಆಗುವ ಕೆಲಸವಲ್ಲ ಅದು.

ತಿರುವುಮುರುವು

ಕಾಗದವೇ ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿಯೂ ಉಂಟು. 2000ದ ಸುಮಾರಿಗೆ ಇರಾಕಿನ ಕಾಲ್ಡಿಯನ್ನರು ಹಲವರು ಮೆಕ್ಸಿಕೊದ ಟಿಹುವಾನಾ ಪಟ್ಟಣದವರೆಗೆ ಬಂದು, ಗಡಿಯಲ್ಲಿ ಅಮೆರಿಕದ ಅಧಿಕಾರಿಗಳ ಮುಂದೆ ನಿಂತು ಆಶ್ರಯ ಕೇಳುತ್ತಿದ್ದರು. ಸದ್ದಾಂ ಹುಸೇನನ ಆಳ್ವಿಕೆಯಿಂದ ಓಡಿಬಂದವರೆಂದು ಅವರ ಅರ್ಜಿಗೆ ಬೆಲೆಯಿತ್ತು. ಅದೇ ಗಡಿಯಲ್ಲಿ ಅದೇ ದಿನ ಸಿಕ್ಕಿಬಿದ್ದ ಮೆಕ್ಸಿಕನ್ನನನ್ನು ಸಂಜೆಯೊಳಗೆ ಹಿಂದಕ್ಕೆ ಕಳಿಸಬಹುದಿತ್ತು. ಹಸಿವಿನಿಂದ ಓಡಿಬಂದವನಿಗೆ ನಿರಾಶ್ರಿತ ಎಂಬ ಹೆಸರಿಲ್ಲ.

ಹಿಸ್ಪಾನಿಕ್ ಜನರೊಳಗೇ ನೋಡಿದರೂ ಇದೇ ಪಾಠ. ಕ್ಯೂಬಾದಿಂದ ಬಂದವರಿಗೆ 1966ರ ವಿಶೇಷ ಕಾನೂನು ಶಾಶ್ವತ ವಾಸದ ಹಕ್ಕನ್ನು ಸುಲಭ ಮಾಡಿತು. ಮೊದಲ ಅಲೆಯವರಲ್ಲಿ ಓದಿದವರೂ ಹಣವಂತರೂ ಹೆಚ್ಚಿದ್ದರು. ಮಯಾಮಿಯ ವ್ಯಾಪಾರದಲ್ಲಿ ಅವರು ಕಾಲ್ಡಿಯನ್ನರಂತೆಯೇ ಮೇಲೆ ಬಂದರು. ಅವರಾಡುವುದೂ ಸ್ಪ್ಯಾನಿಷ್, ಹೋಗುವುದೂ ಕ್ಯಾಥೊಲಿಕ್ ಚರ್ಚಿಗೆ.

ಇತ್ತ ಇರಾಕಿಗಳೆಲ್ಲ ಅಂಗಡಿಯ ಒಡೆಯರಲ್ಲ. 1991ರ ಕೊಲ್ಲಿ ಯುದ್ಧದ ಬಳಿಕ ಸದ್ದಾಂ ವಿರುದ್ಧ ಬಂಡೆದ್ದು ಸೋತ ದಕ್ಷಿಣ ಇರಾಕಿನ ಶಿಯಾಗಳು ಸೌದಿ ಅರೇಬಿಯಾದ ರಫಾ ಶಿಬಿರದ ಮರಳಿನಲ್ಲಿ ವರ್ಷಗಟ್ಟಲೆ ಕಳೆದರು. ಅಲ್ಲಿಂದ ಅನೇಕರು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ಗೆ ಬಂದರು. 2003ರ ಯುದ್ಧ ಇನ್ನೊಂದು ಅಲೆಯನ್ನು ಎಬ್ಬಿಸಿತು. 2007ರ ನಂತರ 1 ಲಕ್ಷಕ್ಕೂ ಹೆಚ್ಚು ಇರಾಕಿಗಳು ನಿರಾಶ್ರಿತರಾಗಿ ಅಮೆರಿಕ ಸೇರಿದರು. ಮೊದಲ ಕೆಲವು ತಿಂಗಳು ಸರ್ಕಾರದ ನೆರವು, ಇಂಗ್ಲಿಷ್ ತರಗತಿ. ಆಮೇಲೆ ಅವರ ಪಾಡು ಅವರದು. ಬಾಗ್ದಾದಿನ ಪದವಿಗೆ ಅಲ್ಲಿ ಮಾನ್ಯತೆ ಸಿಗುವುದು ಕಷ್ಟ. ಎಂಜಿನಿಯರು ಟ್ಯಾಕ್ಸಿ ಓಡಿಸಿದ, ಉಪಾಧ್ಯಾಯಿನಿ ಹೋಟೆಲಿನ ಕೋಣೆ ಗುಡಿಸಿದಳು. ಇಂಥ ಹೊಸಬರಲ್ಲಿ ಬಡತನ ಒಟ್ಟು ವಲಸಿಗರ ಸರಾಸರಿಗಿಂತ ಹೆಚ್ಚು. ಕಾಗದ ಬಾಗಿಲು ತೆರೆಯುತ್ತದೆ, ನಿಜ. ಒಳಗೆ ಕೈಹಿಡಿಯಲು ಅಂಗಡಿಯಿಟ್ಟ ಚಿಕ್ಕಪ್ಪ ಇಲ್ಲದಿದ್ದರೆ ನಡೆಯುವುದು ನಿಧಾನ.

ಕಾಗದದ ಮನೆ

ಕಾಗದದ ಭರವಸೆ ಎಷ್ಟು ಗಟ್ಟಿ? ಕಾಲ್ಡಿಯನ್ನರಿಗೇ ಇದರ ಉತ್ತರ ಸಿಕ್ಕಿತು. 1980ರಲ್ಲಿ ಇರಾಕ್ ಅಮೆರಿಕಕ್ಕೆ ಶತ್ರುವಾಗಿರಲಿಲ್ಲ. ಸೆವೆನ್ ಮೈಲ್ ರಸ್ತೆಯ ಕಾಲ್ಡಿಯನ್ ಚರ್ಚಿಗೆ ಸದ್ದಾಂ ಹುಸೇನ್ ಹಣ ಕೊಟ್ಟಿದ್ದ. ಪ್ರತಿಯಾಗಿ ಡೆಟ್ರಾಯಿಟ್ ನಗರದ ಗೌರವದ ಕೀಲಿಕೈ ಅವನಿಗೆ ಹೋಗಿತ್ತು. ಹತ್ತೇ ವರ್ಷದಲ್ಲಿ ಅವನು ಪರಮಶತ್ರುವಾದ. ಅವನಿಂದ ನೊಂದು ಬಂದವರನ್ನೂ ಊರವರು ಅನುಮಾನದಿಂದ ನೋಡಿದರು.

1996ರ ಕಾನೂನೊಂದು, ಪೌರತ್ವ ಪಡೆಯದ ವಲಸಿಗರನ್ನು ಹಳೆಯ, ಶಿಕ್ಷೆ ಅನುಭವಿಸಿ ಮುಗಿದ ಅಪರಾಧಕ್ಕೂ ಗಡೀಪಾರು ಮಾಡುವ ಅವಕಾಶವನ್ನು ಹಿಗ್ಗಿಸಿತು. ಮೆಕ್ಸಿಕನ್ನರಿಗೆ ಅದರ ಬಿಸಿ ತಕ್ಷಣ ತಟ್ಟಿತು. ಇರಾಕ್ ಸರ್ಕಾರ ಗಡೀಪಾರಾದವರನ್ನು ಒಳಗೆ ಬಿಟ್ಟುಕೊಳ್ಳದೆ ಇದ್ದುದರಿಂದ ಇರಾಕಿಗಳಿಗೆ ತಟ್ಟಲಿಲ್ಲ. 2017ರಲ್ಲಿ ಎರಡು ಸರ್ಕಾರಗಳ ನಡುವೆ ಮಾತಾಯಿತು. ಆ ವರ್ಷದ ಜೂನ್ 11, ಭಾನುವಾರ, ವಲಸೆ ಅಧಿಕಾರಿಗಳು ಡೆಟ್ರಾಯಿಟ್ ಸುತ್ತಲ ಮನೆಗಳ ಬಾಗಿಲು ಬಡಿದರು. ನೂರಕ್ಕೂ ಹೆಚ್ಚು ಇರಾಕಿಗಳು ಬಂಧನಕ್ಕೊಳಗಾದರು. ಹೆಚ್ಚಿನವರು ಕಾಲ್ಡಿಯನ್ನರು, ಹತ್ತಾರು ವರ್ಷಗಳಿಂದ ಅಲ್ಲಿದ್ದವರು. ದೇಶದಲ್ಲಿ ಇಂಥ ಆದೇಶ ತಲೆಯ ಮೇಲಿದ್ದ ಇರಾಕಿಗಳು ಸುಮಾರು 1,400. ಐಎಸ್ ಉಗ್ರರು 2014ರಲ್ಲಿ ನಿನೆವೆ ಬಯಲಿನ ಕ್ರೈಸ್ತರನ್ನು ಓಡಿಸಿದ್ದು ಇನ್ನೂ ಹಸಿ ಗಾಯವಾಗಿದ್ದ ಹೊತ್ತು. ಡೆಟ್ರಾಯಿಟ್‌ನ ಫೆಡರಲ್ ನ್ಯಾಯಾಲಯ ಕಳಿಸುವಿಕೆಗೆ ತಡೆ ಕೊಟ್ಟಿತು. ಮೇಲಿನ ನ್ಯಾಯಾಲಯ 2018ರ ಕೊನೆಯಲ್ಲಿ ಅದಕ್ಕೆ ವಿರುದ್ಧವಾಗಿ ತೀರ್ಪಿತ್ತಿತು.

2019ರಲ್ಲಿ ಗಡೀಪಾರಾದ ಒಬ್ಬನ ಸಂಗತಿ ಪತ್ರಿಕೆಗಳಲ್ಲಿ ಬಂತು. ನಿರಾಶ್ರಿತ ತಂದೆತಾಯಿಗೆ ಗ್ರೀಸ್‌ನಲ್ಲಿ ಹುಟ್ಟಿ, ಎಳೆಯ ಕೂಸಾಗಿ ಮಿಷಿಗನ್‌ಗೆ ಬಂದವನು. ಇರಾಕಿನ ನೆಲ ತುಳಿದವನಲ್ಲ, ಅರಬ್ಬಿ ಬಾರದು, ಸಕ್ಕರೆ ಕಾಯಿಲೆ ಬೇರೆ. ನಜಾಫ್‌ನಲ್ಲಿ ಇಳಿಸಿದ ಸುಮಾರು ಎರಡು ತಿಂಗಳಲ್ಲಿ ಸತ್ತ.

ನೈಋತ್ಯ ಡೆಟ್ರಾಯಿಟ್‌ನ ಮೆಕ್ಸಿಕನ್ನರು 1932ರಿಂದ ಅರಿತಿದ್ದ ಭಯವನ್ನು ಆ ಭಾನುವಾರ ಉತ್ತರದ ಬಡಾವಣೆಗಳ ಇರಾಕಿಗಳೂ ಅರಿತರು. ನೂರು ವರ್ಷದ ಹಿಂದೆ ಜತೆಯಾಗಿ ಊರು ಹೊಕ್ಕ ಎರಡು ಸಮುದಾಯಗಳು ಮತ್ತೆ ಒಂದೇ ಸಾಲಿನಲ್ಲಿ ನಿಂತವು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಸುಳ್ಳಲ್ಲ. ಡೆಟ್ರಾಯಿಟ್‌ನಲ್ಲಿ ಇಬ್ಬರ ಕೈಯೂ ಕೆಸರಾಗಿತ್ತು. ಮೊಸರಿನ ಗಡಿಗೆಯ ಮುಚ್ಚಳ ತೆಗೆಯುವ ಅಧಿಕಾರ ಮಾತ್ರ ಇಬ್ಬರಲ್ಲಿ ಯಾರದೂ ಆಗಿರಲಿಲ್ಲ. ಇನ್ನು ಮುಂದೆ ಯಾವುದೇ ಊರಿನಲ್ಲಿ, ಇಂಥವರು ಮುಂದೆ ಬಂದರು, ಇಂಥವರು ಹಿಂದೆಯೇ ಉಳಿದರು ಎಂಬ ಮಾತು ಕಿವಿಗೆ ಬಿದ್ದರೆ, ಅವರವರ ಗುಣವನ್ನು ಅಳೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅವರು ಒಳಗೆ ಬಂದದ್ದು ಯಾವ ಬಾಗಿಲಿನಿಂದ, ಆ ಬಾಗಿಲ ಚಿಲಕ ಯಾರ ಕೈಯಲ್ಲಿತ್ತು?